ಮಳೆ ಲೆಕ್ಕದ ಪುಸ್ತಕ ಹಿಡ್ಕೊಂಡು ರ್ಯಾಂಕಿಂಗ್ ಕಲಿಯೋಣ: ಯಾವ ಫಂಕ್ಷನ್ ಯಾವಾಗ, ಕ್ವೆರಿ ನಿಧಾನ ಆದ್ರೆ ಏನು ಮಾಡೋದು

ಕೆಲವು ವರ್ಷದ ಹಿಂದೆ ನಮ್ಮ ಕಡೆ ಒಂದು ಕೆಸರುಗದ್ದೆ ಕ್ರೀಡಾಕೂಟದ ಪಾಯಿಂಟ್ಸ್ ಲೆಕ್ಕ ಹಾಕೋ ಕೆಲಸ ನನ್ನ ತಲೆಗೆ ಬಿತ್ತು. ಓಟ, ಹಗ್ಗಜಗ್ಗಾಟ ಎಲ್ಲ ಸೇರಿಸಿ ತಂಡಗಳಿಗೆ ಪಾಯಿಂಟ್, ಮೊದಲ ಮೂರು ತಂಡಕ್ಕೆ ಬಹುಮಾನ. ಇದೇನು ಮಹಾ ಅಂತ ಲ್ಯಾಪ್‌ಟಾಪ್ ತಗೊಂಡು ಹೋಗಿ ಗದ್ದೆ ಬದಿ ಶಾಮಿಯಾನದಲ್ಲಿ ಕೂತು ಎಸ್‌ಕ್ಯೂಎಲ್‌ನಲ್ಲಿ ಒಂದು ಕ್ವೆರಿ, ಅಂದ್ರೆ ಡೇಟಾಬೇಸ್‌ಗೆ ಕೇಳೋ ಪ್ರಶ್ನೆ, ಬರೆದೆ, ರೋ ನಂಬರ್ (ಸಾಲಿಗೆ 1, 2, 3 ಅಂತ ನಂಬರ್ ಕೊಡೋ ಫಂಕ್ಷನ್) ಹಾಕಿ ಮೂರರ ತನಕ ತೆಗೆದೆ, ಮೈಕಲ್ಲಿ ಹೆಸರೂ ಕೂಗಿ ಆಯ್ತು. ಐದು ನಿಮಿಷಕ್ಕೆ ಮಂಡಿ ತನಕ ಕೆಸರಿದ್ದ ಹುಡುಗನೊಬ್ಬ ಬಂದು "ಅಣ್ಣಾ, ಅವ್ರಿಗೂ 9, ನಮಗೂ 9, ನಾವ್ ಯಾಕೆ ನಾಲ್ಕನೇದು?" ಅಂದ. ನನ್ನ ಹತ್ರ ಉತ್ತರ ಇರಲಿಲ್ಲ, ಯಾಕಂದ್ರೆ ಉತ್ತರ ಡೇಟಾಬೇಸ್ ಹತ್ರಾನೂ ಇರಲಿಲ್ಲ. ಇಬ್ಬರಲ್ಲಿ ಯಾರನ್ನ ಮುಂದೆ ಹಾಕ್ಬೇಕು ಅಂತ ನಾನು ಹೇಳಿರಲಿಲ್ಲ, ಅದು ಕೈಗೆ ಸಿಕ್ಕವರನ್ನ ಮುಂದೆ ಹಾಕಿತ್ತು, ಅಷ್ಟೇ.

ಅವತ್ತಿಂದ ನಾನು ರ್ಯಾಂಕಿಂಗ್ ಬಗ್ಗೆ ಯಾರಿಗೆ ಹೇಳ್ಕೊಟ್ರೂ ಮೊದಲು ಕೇಳೋದು ಒಂದೇ ಪ್ರಶ್ನೆ: ಸಮ ಬಂದ್ರೆ ಏನು ಮಾಡ್ತೀರಾ? ಇದನ್ನ ತೀರ್ಮಾನ ಮಾಡ್ಬೇಕಾದವರು ಬಹುಮಾನ ಕೊಡೋರು, ಪ್ರೋಗ್ರಾಮರ್ ಅಲ್ಲ. ಅದು ಗೊತ್ತಾದ್ರೆ ಯಾವ ಫಂಕ್ಷನ್ ಅನ್ನೋದು ತಾನಾಗೇ ಗೊತ್ತಾಗುತ್ತೆ.

ಈ ಬರಹಕ್ಕೆ ನಾನು ತಗೊಂಡಿರೋ ಉದಾಹರಣೆ ಮಳೆ ಲೆಕ್ಕ. ಕೊಡಗಲ್ಲಿ ಕಾಫಿ ತೋಟ ಇರೋರ ಮನೇಲಿ ಅಂಗಳದಲ್ಲೊಂದು ರೇನ್ ಗೇಜು, ಗೋಡೆ ಮೊಳೆಗೋ ಕಿಟಕಿ ಮೇಲೋ ಒಂದು ಪುಸ್ತಕ, ಪ್ರತಿ ದಿನ ಬೆಳಗ್ಗೆ ಇಷ್ಟು ಇಂಚು ಇಷ್ಟು ಸೆಂಟು ಅಂತ ಬರೆಯೋ ಅಭ್ಯಾಸ, ಇದು ಹೊಸ್ದಲ್ಲ. ನನ್ನ ಮಾವ ಒಬ್ರು ಶಾಂತಳ್ಳಿ ಕಡೆಯವರು, ಅವರ ಪುಸ್ತಕದ ಜೊತೆ ಅವರ ಪರಿಚಯದವರ ಪುಸ್ತಕಗಳನ್ನೂ ಸೇರಿಸಿ 40 ಗೇಜು, 25 ವರ್ಷ, ಅಂದ್ರೆ ಹೆಚ್ಚುಕಮ್ಮಿ 3,65,000 ಸಾಲು ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್‌ಗೆ ತುಂಬಿಸಿದ್ದೀನಿ. ಕಂಪನಿಗಳ ಲೆಕ್ಕಕ್ಕೆ ಇದು ಚಿಕ್ಕ ಟೇಬಲ್, ಆದ್ರೆ ತಪ್ಪು ಮಾಡೋಕೆ ಬೇಕಾದಷ್ಟು ದೊಡ್ಡದು. ಕ್ವೆರಿಗಳನ್ನ ಇಲ್ಲಿ ಕನ್ನಡ ಅಕ್ಷರದಲ್ಲೇ ಓದೋ ಹಾಗೆ ಬರೆದಿದ್ದೀನಿ, ನಿಮ್ಮ ಎಡಿಟರ್‌ನಲ್ಲಿ ಟೈಪ್ ಮಾಡೋವಾಗ ಮಾಮೂಲಿ ಕೀವರ್ಡ್‌ಗಳು, ಹೆಸರು ಎರಡು ಪದ ಇದ್ರೆ ಮಧ್ಯೆ ಅಂಡರ್‌ಸ್ಕೋರ್.

ಹೆಜ್ಜೆ 1: ಅಂಕಿ ಸರಿ ಇದ್ಯಾ ನೋಡಿ

ರ್ಯಾಂಕ್ ಹಾಕೋ ಮೊದಲು ಯಾವ ಕಾಲಂ ಮೇಲೆ ಹಾಕ್ತಿದ್ದೀವೋ ಅದು ನಿಜವಾಗಿ ಏನು ಹೇಳ್ತಿದೆ ಅಂತ ತಿಳ್ಕೊಳ್ಳಿ. ಮಾವನ ಪುಸ್ತಕದಲ್ಲಿ ಒಂದು ಜುಲೈ ದಿನಕ್ಕೆ 4.5 ಅಂತಿತ್ತು, ನಾನು ನಾಲ್ಕೂವರೆ ಇಂಚು ಅಂತ ತುಂಬಿಸ್ದೆ. ಅನುಮಾನ ಬಂದು ಫೋನ್ ಮಾಡ್ದೆ.

"ಮಾವ, ಇದು ನಾಲ್ಕು ಇಂಚು ಐವತ್ತು ಸೆಂಟಾ?"

"ಏ ಅಲ್ಲ ಮಾರಾಯ, ನಾಲ್ಕು ಐದು. ಐವತ್ತಾದ್ರೆ ಐವತ್ತು ಅಂತ ಬರೀತಿರ್ಲಿಲ್ವಾ!"

ಅಂದ್ರೆ 4 ಇಂಚು 5 ಸೆಂಟು, 4.05. ಒಂದು ಇಂಚಿಗೆ 100 ಸೆಂಟು, ಪುಸ್ತಕದ ಚುಕ್ಕಿ ದಶಮಾಂಶದ ಚುಕ್ಕಿ ಅಲ್ಲ, ಇಂಚನ್ನೂ ಸೆಂಟನ್ನೂ ಬೇರೆ ಮಾಡೋ ಗೆರೆ. ಇದನ್ನ ಹಾಗೇ ದಶಮಾಂಶ ಅಂತ ತುಂಬಿಸಿದ್ರೆ 4 ಇಂಚು 5 ಸೆಂಟು ಬಂದ ದಿನ 4 ಇಂಚು 20 ಸೆಂಟು ಬಂದ ದಿನಕ್ಕಿಂತ ಮೇಲೆ ಹೋಗಿ ಕೂರುತ್ತೆ, ನೀವು ಎಷ್ಟು ಚಂದ ಕ್ವೆರಿ ಬರೆದ್ರೂ ಉತ್ತರ ತಪ್ಪೇ. ಅದಕ್ಕೆ ನಾನು ಎಲ್ಲಾನೂ ಸೆಂಟ್‌ಗೆ ಇಳಿಸಿ ಪೂರ್ಣಾಂಕ ಮಾಡ್ದೆ: 405, 420, ಹೀಗೆ. ಪೂರ್ಣಾಂಕ ಮಾಡಿದ್ರೆ ಇನ್ನೊಂದು ಲಾಭ, ಸಮ ಅಂದ್ರೆ ನಿಜವಾಗ್ಲೂ ಸಮ. ಇಂಚನ್ನ 25.4ರಿಂದ ಗುಣಿಸಿ ಫ್ಲೋಟಲ್ಲಿ (ದಶಮಾಂಶನ ಅಂದಾಜಲ್ಲಿ ಇಡೋ ಟೈಪ್) ಇಟ್ಕೊಂಡ್ರೆ, ಬೇರೆ ಬೇರೆ ದಾರೀಲಿ ಲೆಕ್ಕ ಹಾಕಿದ ಎರಡು ಅಂಕಿ ನೋಡೋಕೆ ಒಂದೇ ಥರ ಕಂಡ್ರೂ ಎಲ್ಲೋ ಕೊನೇ ದಶಮಾಂಶದಲ್ಲಿ ಬೇರೆ ಆಗಬಹುದು, ಆಗ ಸಮ ಬರಬೇಕಾದ ಕಡೆ ಬರಲ್ಲ.

ಟೇಬಲ್ ಹೆಸರು ಮಳೆ ಅಂತಿಟ್ಕೊಳ್ಳಿ, ಕಾಲಂಗಳು: ಗೇಜ್, ದಿನ, ಸೆಂಟ್, ಟಿಪ್ಪಣಿ, ಎಂಟ್ರಿ ಸಮಯ.

ಹೆಜ್ಜೆ 2: ಪ್ರಶ್ನೆನ ಬಾಯಿಮಾತಲ್ಲಿ ಹೇಳಿ

ನನ್ನ ಪ್ರಶ್ನೆ: ಪ್ರತಿ ಗೇಜಲ್ಲೂ ಅತಿ ಹೆಚ್ಚು ಮಳೆ ಬಿದ್ದ ಮೂರು ದಿನ ಯಾವುದು?

ಇದ್ರೊಳಗೆ ಮೂರು ತುಂಡು ಇದೆ. ಯಾರ್ಯಾರನ್ನ ಬೇರೆ ಬೇರೆ ಸಾಲಲ್ಲಿ ನಿಲ್ಲಿಸ್ಬೇಕು, ಅದು ಪಾರ್ಟಿಷನ್ ಬೈ. ಯಾವ ಕ್ರಮದಲ್ಲಿ ನಿಲ್ಲಿಸ್ಬೇಕು, ಅದು ಆರ್ಡರ್ ಬೈ. ಇಬ್ಬರು ಒಂದೇ ಎತ್ತರ ಇದ್ರೆ ಏನು, ಅದು ಫಂಕ್ಷನ್ ಆಯ್ಕೆ.

ಪಾರ್ಟಿಷನ್ ಮರೆತ್ರೆ ಏನಾಗುತ್ತೆ ಅಂತ ಕೊಡಗಿನವರಿಗೆ ಹೇಳ್ಕೊಡೋದೇ ಬೇಡ. ಭಾಗಮಂಡಲ, ಶಾಂತಳ್ಳಿ ಕಡೆ ಮಳೆಗಾಲದಲ್ಲಿ ಮಾಮೂಲಿ ಅನ್ನಿಸೋ ದಿನದ ಮಳೆ ಕುಶಾಲನಗರದಲ್ಲಿ ಬಿದ್ರೆ ಜನ ವಾರಗಟ್ಟಲೆ ಅದನ್ನೇ ಮಾತಾಡ್ತಾರೆ. ಎಲ್ಲಾ ಗೇಜನ್ನೂ ಒಂದೇ ಸಾಲಲ್ಲಿ ನಿಲ್ಲಿಸಿದ್ರೆ ಮೇಲಿನ ನೂರು ಸಾಲಲ್ಲಿ ಕುಶಾಲನಗರದ ಹೆಸರೇ ಇರಲ್ಲ.

ಹೆಜ್ಜೆ 3: ಫಂಕ್ಷನ್ ಆರಿಸೋದು

ನಾಲ್ಕು ಅಂಕಿ ತಗೊಳ್ಳಿ, ಕೆಸರುಗದ್ದೆಯ ಪಾಯಿಂಟ್ಸೇ ಅಂದ್ಕೊಳ್ಳಿ: 15, 12, 12, 9.

ರೋ ನಂಬರ್ ಕೊಡೋದು 1, 2, 3, 4. ಸಮ ಇದ್ರೂ ಬಿಡಲ್ಲ, ಒಬ್ಬರನ್ನ ಹಿಂದೆ ಹಾಕೇ ಹಾಕುತ್ತೆ. ಯಾರನ್ನ ಅಂತ ಗ್ಯಾರಂಟಿ ಇಲ್ಲ, ಇವತ್ತು ಒಬ್ಬರು, ನಾಳೆ ಇನ್ನೊಬ್ಬರು.

ರ್ಯಾಂಕ್ ಕೊಡೋದು 1, 2, 2, 4. ಇಬ್ಬರು ಎರಡನೇ ಸ್ಥಾನ, ಮೂರನೇ ಸ್ಥಾನ ಖಾಲಿ. ಕ್ರೀಡಾಕೂಟಕ್ಕೆ ಸಾಮಾನ್ಯವಾಗಿ ಜನ ಒಪ್ಪೋದು ಇದನ್ನೇ.

ಡೆನ್ಸ್ ರ್ಯಾಂಕ್ ಕೊಡೋದು 1, 2, 2, 3. ನಡುವೆ ಜಾಗ ಖಾಲಿ ಬಿಡಲ್ಲ. ಇಲ್ಲಿ ಎಣಿಸ್ತಿರೋದು ಜನಾನಲ್ಲ, ಬೇರೆ ಬೇರೆ ಅಂಕಿನ. "ಮೂರನೇ ಅತಿ ದೊಡ್ಡ ಅಂಕಿ ಯಾವುದು" ಅಂದ್ರೆ ಇದು. ಇದನ್ನ ಬಹುಮಾನಕ್ಕೆ ಬಳಸಿದ್ರೆ ಮೂರು ಬಹುಮಾನ ತಂದಿರೋರು ಎಂಟು ಜನಕ್ಕೆ ಕೊಡೋ ಪರಿಸ್ಥಿತಿ ಬರಬಹುದು, ನೋಡ್ಕೊಳ್ಳಿ.

ರೋ ನಂಬರ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಒಂದೇ ಸಾಲು ಬೇಕೇ ಬೇಕು ಅನ್ನೋ ಕಡೆ ಅದೇ ಸರಿ. ಒಂದೇ ದಿನದ ಮಳೆ ಎರಡು ಸಲ ಎಂಟ್ರಿ ಆಗಿತ್ತು ಅಂದ್ಕೊಳ್ಳಿ, ಕರೆಂಟ್ ಹೋಗಿ ಬಂದಾಗ ನನಗೆ ಇದು ಬೇಕಾದಷ್ಟು ಸಲ ಆಗಿದೆ. ಆಗ ಪಾರ್ಟಿಷನ್ ಬೈ ಗೇಜ್ ಮತ್ತೆ ದಿನ, ಆರ್ಡರ್ ಬೈ ಎಂಟ್ರಿ ಸಮಯ ಇಳಿಕೆ ಕ್ರಮದಲ್ಲಿ, ರೋ ನಂಬರ್ 1 ಇರೋದು ಉಳೀಲಿ, ಬಾಕಿದು ಹೋಗ್ಲಿ. ಇಲ್ಲಿ ರ್ಯಾಂಕ್ ಹಾಕಿದ್ರೆ ಎರಡಕ್ಕೂ ಒಂದೇ ಸಮಯ ಇದ್ದಾಗ ಎರಡೂ 1 ಆಗಿ ಡೂಪ್ಲಿಕೇಟ್ ಹಾಗೇ ಉಳ್ಕೊಳ್ಳುತ್ತೆ. ರೋ ನಂಬರ್ ಬಳಸೋವಾಗ ಮಾತ್ರ ಆರ್ಡರ್ ಬೈ ಕೊನೆಗೆ ಪ್ರೈಮರಿ ಕೀನೂ (ಪ್ರತಿ ಸಾಲಿಗೂ ಬೇರೆ ಬೇರೆ ಇರೋ ಗುರುತು) ಸೇರಿಸಿ, ಆಗ ಪ್ರತಿ ಸಲ ಅದೇ ಸಾಲು ಬರುತ್ತೆ.

ಆದ್ರೆ ಇದೇ ಚಾಳಿನ ರ್ಯಾಂಕ್‌ಗೂ ತಂದು ಆರ್ಡರ್ ಬೈ ಸೆಂಟ್, ದಿನ ಅಂತ ಬರೆದ್ರೆ ಕೆಲಸ ಕೆಟ್ತು. ಸಮ ಇದ್ದ ಎರಡು ದಿನ ತಾರೀಖಿನ ಲೆಕ್ಕದಲ್ಲಿ ಬೇರೆ ಆಗಿ ರ್ಯಾಂಕ್ ಕೂಡ ರೋ ನಂಬರ್ ಥರಾನೇ ಆಗ್ಬಿಡುತ್ತೆ. ರಿವ್ಯೂನಲ್ಲಿ ನಾನು ಇದನ್ನ ಪದೇ ಪದೇ ನೋಡ್ತಿರ್ತೀನಿ.

ಎನ್‌ಟೈಲ್ ಅಂತ ಒಂದಿದೆ, ಸಾಲುಗಳನ್ನ ಇಷ್ಟು ಭಾಗ ಮಾಡು ಅಂದ್ರೆ ಮಾಡುತ್ತೆ. 10 ಸಾಲನ್ನ 4 ಭಾಗ ಮಾಡು ಅಂದ್ರೆ 3, 3, 2, 2. ಅದಕ್ಕೆ ಎಣಿಕೆ ಮಾತ್ರ ಗೊತ್ತು, ಒಂದೇ ಅಂಕಿ ಇರೋ ಇಬ್ಬರನ್ನ ಬೇರೆ ಬೇರೆ ಭಾಗಕ್ಕೆ ಹಾಕೋಕೆ ಅದಕ್ಕೆ ಸಂಕೋಚ ಇಲ್ಲ. ನನಗೆ ಅಷ್ಟು ಇಷ್ಟ ಆಗದ ಫಂಕ್ಷನ್.

ಪರ್ಸೆಂಟ್ ರ್ಯಾಂಕ್ ಮತ್ತೆ ಕ್ಯೂಮ್ ಡಿಸ್ಟ್ ಬೇರೆ ಜಾತಿ. ಪರ್ಸೆಂಟ್ ರ್ಯಾಂಕ್ ಅಂದ್ರೆ ರ್ಯಾಂಕಲ್ಲಿ ಒಂದು ಕಳೆದು, ಒಟ್ಟು ಸಾಲಲ್ಲಿ ಒಂದು ಕಳೆದಿದ್ದರಿಂದ ಭಾಗಿಸೋದು; ಮೇಲಿನ ನಾಲ್ಕಕ್ಕೆ 0, 0.33, 0.33, 1. ಕ್ಯೂಮ್ ಡಿಸ್ಟ್ ಅಂದ್ರೆ ಸಾಲಲ್ಲಿ ನನ್ನ ತನಕ, ನನ್ನ ಸಮ ಇರೋರನ್ನೂ ಸೇರಿಸಿ, ಒಟ್ಟಲ್ಲಿ ಎಷ್ಟು ಪಾಲು, 0.25, 0.75, 0.75, 1. ಕುಶಾಲನಗರದ ಮಳೆನೂ ಭಾಗಮಂಡಲದ ಮಳೆನೂ ಪಕ್ಕಪಕ್ಕ ಇಟ್ಟು ನೋಡ್ಬೇಕಂದ್ರೆ ಇಂಚಿನ ಲೆಕ್ಕ ಉಪಯೋಗಕ್ಕೆ ಬರಲ್ಲ, "ಈ ಊರಿಗೆ ಈ ಮಳೆ ಎಷ್ಟು ಅಪರೂಪ" ಅಂತ ಕೇಳ್ಬೇಕು, ಆಗ ಕ್ಯೂಮ್ ಡಿಸ್ಟ್ ಕೆಲಸಕ್ಕೆ ಬರುತ್ತೆ.

ಹೆಜ್ಜೆ 4: ಖಾಲಿ ಬಿಟ್ಟ ದಿನಗಳು

ಮಾವ ಮದುವೆಗೆ ಹೋಗಿದ್ದ ದಿನ ಪುಸ್ತಕ ಖಾಲಿ. ಮಳೆ ಬರದ ದಿನ ಸೊನ್ನೆ. ಎರಡೂ ಒಂದೇ ಅಲ್ಲ, ಖಾಲಿನ ನಲ್ ಅಂತಾನೇ ಇಟ್ಟಿದ್ದೀನಿ. ಮೊದಲ ಸಲ ಕ್ವೆರಿ ಓಡಿಸಿದಾಗ ಏನಾಯ್ತು ಅಂದ್ರೆ, ಪ್ರತಿ ಗೇಜಲ್ಲೂ ಅತಿ ಹೆಚ್ಚು ಮಳೆ ಬಂದ ದಿನ ಅಂತ ಮೇಲೆ ಬಂದಿದ್ದು ಯಾರೂ ಅಳೆಯದೇ ಇದ್ದ ದಿನಗಳು!

ಕಾರಣ ಇಷ್ಟೇ: ಪೋಸ್ಟ್‌ಗ್ರೆಸ್, ಒರಾಕಲ್ ಎರಡರಲ್ಲೂ ನಲ್ ಎಲ್ಲಕ್ಕಿಂತ ದೊಡ್ಡದು ಅನ್ನೋ ಲೆಕ್ಕ, ಇಳಿಕೆ ಕ್ರಮದಲ್ಲಿ ಅದೇ ಮೊದಲು ಬರುತ್ತೆ. ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಉಲ್ಟಾ, ಅಲ್ಲಿ ನಲ್ ಎಲ್ಲಕ್ಕಿಂತ ಚಿಕ್ಕದು. ಒಂದು ಕಡೆ ಸರಿ ಇದ್ದ ಕ್ವೆರಿ ಇನ್ನೊಂದು ಕಡೆ ತಪ್ಪಾಗೋದು ಹೀಗೆ. ನಲ್ಸ್ ಲಾಸ್ಟ್ ಅಂತ ಬರೀಬಹುದು, ಆದ್ರೆ ನನಗೆ ಆ ಸಾಲುಗಳು ಬೇಕೇ ಇಲ್ಲದಿರೋದ್ರಿಂದ ವೇರ್‌ನಲ್ಲೇ (ಬೇಕಾದ ಸಾಲು ಮಾತ್ರ ಆರಿಸೋ ಭಾಗ) ಸೆಂಟ್ ಈಸ್ ನಾಟ್ ನಲ್ ಅಂತ ಹಾಕಿ ಹೊರಗಿಟ್ಟೆ. ಇದರ ಲಾಭ ಮುಂದೆ ಇಂಡೆಕ್ಸ್ ಹತ್ರ ಗೊತ್ತಾಗುತ್ತೆ.

ಹೆಜ್ಜೆ 5: ಕ್ವೆರಿ ಬರೆಯೋದು

ಒಳಗಿನ ಕ್ವೆರಿ ಹೀಗಿದೆ:

ಸೆಲೆಕ್ಟ್ ಗೇಜ್, ದಿನ, ಸೆಂಟ್, ರ್ಯಾಂಕ್ ಅದ್ರ ಮುಂದೆ ಖಾಲಿ ಬ್ರ್ಯಾಕೆಟ್, ಓವರ್, ಬ್ರ್ಯಾಕೆಟ್ ಒಳಗೆ ಪಾರ್ಟಿಷನ್ ಬೈ ಗೇಜ್ ಆರ್ಡರ್ ಬೈ ಸೆಂಟ್ ಡಿಸೆಂಡಿಂಗ್, ಇದಕ್ಕೆ ಹೆಸರು ಸ್ಥಾನ, ಫ್ರಮ್ ಮಳೆ, ವೇರ್ ಸೆಂಟ್ ಈಸ್ ನಾಟ್ ನಲ್.

ಇದನ್ನ ಒಂದು ಸಬ್‌ಕ್ವೆರಿ ಮಾಡಿ, ಹೊರಗಡೆ ವೇರ್ ಸ್ಥಾನ 3 ಅಥವಾ ಅದಕ್ಕಿಂತ ಕಮ್ಮಿ ಅಂತ ಹಾಕೋದು. ಒಳಗಡೇನೇ ವೇರ್‌ನಲ್ಲಿ ಸ್ಥಾನ ಬರೆದ್ರೆ ಎರರ್ ಬರುತ್ತೆ, ಯಾಕಂದ್ರೆ ವೇರ್, ಗ್ರೂಪ್ ಬೈ, ಹ್ಯಾವಿಂಗ್ ಎಲ್ಲಾ ಮುಗಿದ ಮೇಲೇ ವಿಂಡೋ ಫಂಕ್ಷನ್ (ರ್ಯಾಂಕ್, ರೋ ನಂಬರ್ ಥರ ಓವರ್ ಹಾಕಿ ಬರೆಯೋವು) ಓಡೋದು. ಸ್ನೋಫ್ಲೇಕ್, ಬಿಗ್‌ಕ್ವೆರಿ ಥರದವುಗಳಲ್ಲಿ ಇದಕ್ಕೆ ಅಂತಾನೇ ಕ್ವಾಲಿಫೈ ಅನ್ನೋ ಒಂದು ಕ್ಲಾಜ್ ಇದೆ, ಸಬ್‌ಕ್ವೆರಿ ತಾಪತ್ರಯ ಇಲ್ಲ. ಪೋಸ್ಟ್‌ಗ್ರೆಸ್‌ನವರು ನಾವು ಸುತ್ತಿ ಬರೀಬೇಕು.

ಹಳೇ ವರ್ಷನ್ ಇಟ್ಕೊಂಡು ಒದ್ದಾಡೋರಿಗೆ: ಮೈಎಸ್‌ಕ್ಯೂಎಲ್‌ಗೆ ವಿಂಡೋ ಫಂಕ್ಷನ್‌ಗಳು ಬಂದಿದ್ದು 2018ರ 8.0ರಲ್ಲಿ, ಎಸ್‌ಕ್ಯೂಎಲ್‌ಲೈಟ್‌ಗೆ ಅದೇ ವರ್ಷ 3.25ರಲ್ಲಿ. ಪೋಸ್ಟ್‌ಗ್ರೆಸ್‌ನಲ್ಲಿ 2009ರ 8.4ರಿಂದಾನೇ ಇದೆ. ಮೈಎಸ್‌ಕ್ಯೂಎಲ್ 5.7ರಲ್ಲಿ ವೇರಿಯಬಲ್ ಹಾಕಿ ಎಣಿಸೋ ಸರ್ಕಸ್ ಮಾಡ್ತಿದ್ರೆ ಅದನ್ನ ಬಿಟ್ಟು ಅಪ್‌ಗ್ರೇಡ್ ಮಾಡ್ಕೊಳ್ಳಿ, ಬೇರೆ ಸಲಹೆ ನನ್ನ ಹತ್ರ ಇಲ್ಲ.

ಹೆಜ್ಜೆ 6: ನಿಧಾನ ಆಗ್ತಿದ್ರೆ ಊಹೆ ಮಾಡ್ಬೇಡಿ, ಪ್ಲಾನ್ ಓದಿ

ಕ್ವೆರಿ ಮುಂದೆ ಎಕ್ಸ್‌ಪ್ಲೇನ್, ಬ್ರ್ಯಾಕೆಟ್ ಒಳಗೆ ಅನಲೈಸ್ ಕಾಮಾ ಬಫರ್ಸ್ ಹಾಕಿ ಓಡಿಸಿ, ಡೇಟಾಬೇಸ್ ಯಾವ ಯಾವ ಹೆಜ್ಜೆ ಹಾಕ್ತು ಅನ್ನೋ ಪ್ಲಾನ್ ಕಾಣುತ್ತೆ. ಎಚ್ಚರ ಇರ್ಲಿ, ಅನಲೈಸ್ ಹಾಕಿದ್ರೆ ಕ್ವೆರಿ ನಿಜವಾಗ್ಲೂ ಓಡುತ್ತೆ, ಡಿಲೀಟ್ ಇದ್ರೆ ಡಿಲೀಟೂ ಆಗುತ್ತೆ, ಹಾಗಾಗಿ ಅಂಥದ್ದಾದ್ರೆ ಬಿಗಿನ್ ಹಾಕಿ, ನೋಡಿ, ರೋಲ್‌ಬ್ಯಾಕ್ ಮಾಡಿ, ಆಗ ಆಗಿದ್ದೆಲ್ಲ ವಾಪಸ್ ಹೋಗುತ್ತೆ. ಮತ್ತೆ ಮೊದಲ ಸಲ ಓಡಿಸಿದ ಟೈಮೂ ಎರಡನೇ ಸಲದ ಟೈಮೂ ಹೋಲಿಸಿ "ಫಾಸ್ಟ್ ಆಯ್ತು" ಅಂತ ಖುಷಿ ಪಡ್ಬೇಡಿ, ಎರಡನೇ ಸಲ ಡೇಟಾ ಮೆಮೊರಿಯಲ್ಲೇ ಕೂತಿರುತ್ತೆ. ಬಫರ್ಸ್ ಹಾಕಿದ್ರೆ ಪೋಸ್ಟ್‌ಗ್ರೆಸ್‌ನ ಮೆಮೊರಿಯಲ್ಲೇ ಎಷ್ಟು ಸಿಕ್ತು, ಹೊರಗಿಂದ ಎಷ್ಟು ಓದ್ತು ಅಂತ ಬೇರೆ ಬೇರೆ ಕಾಣುತ್ತೆ.

ನನ್ನ ಪ್ಲಾನಲ್ಲಿ ಕೆಳಗಿಂದ ಮೇಲಕ್ಕೆ ಕಂಡಿದ್ದು: ಇಡೀ ಟೇಬಲ್ ಓದೋ ಸೀಕ್ವೆನ್ಷಿಯಲ್ ಸ್ಕ್ಯಾನ್, ಅದ್ರ ಮೇಲೆ ಸಾರ್ಟ್, ಅದ್ರ ಮೇಲೆ ವಿಂಡೋ ಅಗ್ರಿಗೇಟ್. ಸಾರ್ಟ್ ಪಕ್ಕದಲ್ಲಿ ಎಕ್ಸ್‌ಟರ್ನಲ್ ಮರ್ಜ್, ಡಿಸ್ಕ್ ಅಂತ ಬರೆದಿತ್ತು. ಅಂದ್ರೆ ಕೊಟ್ಟಿರೋ ಮೆಮೊರಿ ಸಾಲದೆ ಫೈಲಿಗೆ ಬರೆದು ಬರೆದು ಜೋಡಿಸ್ತಿದೆ. 3,65,000 ಸಾಲನ್ನ ಪೂರ್ತಿ ಜೋಡಿಸಿ ಕೊನೆಗೆ ಇಟ್ಕೊಳ್ಳೋದು 120 ಚಿಲ್ಲರೆ ಸಾಲು. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ.

ಎಲ್ಲರೂ ಮೊದಲು ಕೈ ಹಾಕೋದು ವರ್ಕ್ ಮೆಮ್‌ಗೆ, ಅಂದ್ರೆ ಸಾರ್ಟ್ ಥರದ ಕೆಲಸಕ್ಕೆ ಕೊಡೋ ಮೆಮೊರಿಯ ಮಿತಿಗೆ. ಅದ್ರ ಡೀಫಾಲ್ಟ್ 4 ಎಂಬಿ, ಈ ಸೆಷನ್‌ಗೆ ಮಾತ್ರ 64 ಎಂಬಿ ಮಾಡಿ ನೋಡಿ, ಎಕ್ಸ್‌ಟರ್ನಲ್ ಮರ್ಜ್ ಹೋಗಿ ಕ್ವಿಕ್‌ಸಾರ್ಟ್ ಅಂತ ಬಂದ್ರೆ ಮೆಮೊರಿದೇ ಸಮಸ್ಯೆ ಇತ್ತು ಅಂತ ಅರ್ಥ. ಆದ್ರೆ ಇದನ್ನ ಸರ್ವರ್‌ಗೇ ಏರಿಸ್ಬೇಡಿ. ಇದು ಇಡೀ ಸರ್ವರ್‌ಗೆ ಒಂದು ಅಂತಲ್ಲ, ಒಂದು ಕನೆಕ್ಷನ್‌ಗೆ ಒಂದು ಅಂತಾನೂ ಅಲ್ಲ, ಕ್ವೆರಿಯೊಳಗಿನ ಒಂದೊಂದು ಸಾರ್ಟ್‌ಗೂ ಅಷ್ಟಷ್ಟು. ನೂರು ಜನ ಒಟ್ಟಿಗೆ ಬಂದ್ರೆ ಸರ್ವರ್ ಮೆಮೊರಿ ಮುಗಿದು ಮಲ್ಕೊಳ್ಳುತ್ತೆ.

ಇನ್ನೊಂದು, ಸಾರ್ಟ್‌ಗೆ ಹೋಗೋ ಸಾಲು ತೆಳ್ಳಗಿರ್ಲಿ. ಸೆಲೆಕ್ಟ್ ಸ್ಟಾರ್ ಬರೆದ್ರೆ ಟಿಪ್ಪಣಿ ಕಾಲಂ ಕೂಡ ಸಾರ್ಟ್ ಒಳಗೆ ಹೋಗುತ್ತೆ, ಮಾವನ ಟಿಪ್ಪಣಿ ಅಂದ್ರೆ "ರಾತ್ರಿ ಸಿಲ್ವರ್ ಓಕ್ ಬಿತ್ತು, ಲೈನ್ ಮನೆ ಹಂಚು ಹೋಯ್ತು, ಕರೆಂಟ್ ಇಲ್ಲ ನಾಲ್ಕು ದಿನ" ಅಂತ ಒಂದು ಕಥೆನೇ ಇರುತ್ತೆ. ಮೊದಲು ಗೇಜ್, ದಿನ, ಸೆಂಟ್ ಮಾತ್ರ ಇಟ್ಕೊಂಡು ಮೂರು ದಿನ ಆರಿಸಿ, ಆಮೇಲೆ ಆ 120 ಸಾಲಿಗೆ ಮಾತ್ರ ಟಿಪ್ಪಣಿ ಜಾಯಿನ್ ಮಾಡಿ.

ಹೆಜ್ಜೆ 7: ಸಾರ್ಟೇ ಬೇಡದ ಹಾಗೆ ಇಂಡೆಕ್ಸ್

ಮೊದಲೇ ಜೋಡಿಸಿಟ್ಟಿದ್ರೆ ಮತ್ತೆ ಯಾಕೆ ಜೋಡಿಸ್ಬೇಕು? ಹಾಗೆ ಮೊದಲೇ ಜೋಡಿಸಿಟ್ಟ ಪಟ್ಟಿನೇ ಇಂಡೆಕ್ಸ್. ಇಂಡೆಕ್ಸ್ ಕಾಲಂಗಳ ಕ್ರಮ: ಮೊದಲು ಪಾರ್ಟಿಷನ್ ಕಾಲಂ, ಆಮೇಲೆ ಆರ್ಡರ್ ಕಾಲಂ ಅದೇ ದಿಕ್ಕಲ್ಲಿ, ಕೊನೆಗೆ ಸೆಲೆಕ್ಟಲ್ಲಿ ಬೇಕಾಗಿರೋದು. ನನ್ನದು: ಗೇಜ್, ಸೆಂಟ್ ಡಿಸೆಂಡಿಂಗ್, ದಿನ. ಕಾಲಂ ಮೂರೂ ಇಂಡೆಕ್ಸಲ್ಲೇ ಇರೋದ್ರಿಂದ ಟೇಬಲ್ ಕಡೆ ಹೋಗದೇ ಇಂಡೆಕ್ಸ್ ಓನ್ಲಿ ಸ್ಕ್ಯಾನ್ ಆಗ್ಬಹುದು. ಒಟ್ಟಿಗೆ ತುಂಬಾ ಸಾಲು ತುಂಬಿಸಿದ್ರೆ ಒಂದ್ಸಲ ವ್ಯಾಕ್ಯೂಮ್ ಅನಲೈಸ್ (ಟೇಬಲ್‌ನ ಒಳಗಿನ ಲೆಕ್ಕ ಸರಿ ಮಾಡೋ ಕಮಾಂಡ್) ಓಡಿಸಿ, ಇಲ್ಲಾಂದ್ರೆ ಇಂಡೆಕ್ಸ್ ಓನ್ಲಿ ಅಂತ ಹೆಸರಿದ್ರೂ ಪ್ರತಿ ಸಾಲಿಗೂ ಟೇಬಲ್ ಹತ್ರ ಹೋಗಿ ಬರ್ತಿರುತ್ತೆ. ಪ್ಲಾನಲ್ಲಿ ಹೀಪ್ ಫೆಚಸ್ ಅನ್ನೋ ಅಂಕಿ, ಅಂದ್ರೆ ಟೇಬಲ್ ಹತ್ರ ಎಷ್ಟು ಸಲ ಹೋಗಿ ಬಂತು ಅನ್ನೋದು, ನೋಡಿದ್ರೆ ಗೊತ್ತಾಗುತ್ತೆ.

ನಲ್ ವಿಷಯ ಇಲ್ಲೇ ಬರೋದು. ಕ್ವೆರಿಯಲ್ಲಿ ನಲ್ಸ್ ಲಾಸ್ಟ್ ಅಂತಿದ್ದು ಇಂಡೆಕ್ಸಲ್ಲಿ ಬರೀ ಡಿಸೆಂಡಿಂಗ್ ಅಂತಿದ್ರೆ ಎರಡರ ಕ್ರಮ ಬೇರೆ, ಸಾರ್ಟ್ ವಾಪಸ್ ಬರುತ್ತೆ. ಇದನ್ನ ಹುಡುಕೋಕೆ ನಾನು ಒಂದು ಇಡೀ ಸಂಜೆ ಕಳೆದಿದ್ದೀನಿ.

ಒಂದು ಇಂಡೆಕ್ಸ್ ಎಲ್ಲಾ ಪ್ರಶ್ನೆಗೂ ಆಗಲ್ಲ ಅನ್ನೋದೂ ನೆನಪಿರ್ಲಿ. 2018ರ ಮಳೆ ಮಾತ್ರ ಬೇಕು, ಆ ಆಗಸ್ಟ್ ತಿಂಗಳದ್ದು ಕೊಡಗಲ್ಲಿ ಯಾರು ತಾನೆ ಕೇಳಲ್ಲ, ಆಗ ದಿನದ ಮೇಲೆ ಬೇರೆ ಇಂಡೆಕ್ಸ್ ಬೇಕು. ಜೊತೆಗೆ ದಿನದಿಂದ ವರ್ಷ ಕಿತ್ತು 2018ಕ್ಕೆ ಹೋಲಿಸೋದು ಬೇಡ, ಕಾಲಂ ಮೇಲೆ ಫಂಕ್ಷನ್ ಹಾಕಿದ ಕೂಡ್ಲೆ ಆ ಇಂಡೆಕ್ಸ್ ಉಪಯೋಗಕ್ಕೆ ಬರಲ್ಲ. ದಿನ 2018ರ ಜನವರಿ 1 ಅಥವಾ ಆಮೇಲೆ, ಮತ್ತೆ 2019ರ ಜನವರಿ 1ಕ್ಕಿಂತ ಮುಂಚೆ ಅಂತ ಬರೀರಿ.

ಈ ದಿನದ ಫಿಲ್ಟರ್‌ನ ಎಲ್ಲಿ ಹಾಕ್ತೀರಾ ಅನ್ನೋದೂ ಮುಖ್ಯ. ಸಬ್‌ಕ್ವೆರಿ ಒಳಗೆ ಹಾಕಿದ್ರೆ "2018ರಲ್ಲಿ ಮೊದಲ ಮೂರು", ಹೊರಗೆ ಹಾಕಿದ್ರೆ "25 ವರ್ಷದ ಮೊದಲ ಮೂರರಲ್ಲಿ 2018ರದ್ದು ಯಾವುದು". ಪ್ರಶ್ನೆನೇ ಬೇರೆ ಆದ್ರಿಂದ ಡೇಟಾಬೇಸ್ ತಾನಾಗಿ ಇದನ್ನ ಒಳಗೆ ತಳ್ಳಲ್ಲ. ಪಾರ್ಟಿಷನ್ ಕಾಲಂ ಮೇಲಿನ ಫಿಲ್ಟರ್ ಆದ್ರೆ, ಉದಾಹರಣೆಗೆ ಶಾಂತಳ್ಳಿ ಗೇಜ್ ಮಾತ್ರ ಅಂದ್ರೆ, ಹೊರಗೆ ಬರೆದಿದ್ರೂ ಒಳಗೆ ತಳ್ಳುತ್ತೆ, ಯಾಕಂದ್ರೆ ಅಕ್ಕಪಕ್ಕದ ಗೇಜ್ ತೆಗೆದ್ರೆ ಶಾಂತಳ್ಳಿಯ ಸ್ಥಾನ ಬದಲಾಗಲ್ಲ.

ಹೆಜ್ಜೆ 8: 40 ಗೇಜು, ಒಂದೊಂದ್ರಲ್ಲಿ ಮೂರೇ ಸಾಲು

ಇಂಡೆಕ್ಸ್ ಬಂದ್ಮೇಲೆ ಸಾರ್ಟ್ ಹೋಯ್ತು, ಆದ್ರೂ 3,65,000 ಸಾಲು ಓದೋದು ತಪ್ಪಲಿಲ್ಲ. ಪೋಸ್ಟ್‌ಗ್ರೆಸ್ 15ರಿಂದ ಸ್ಥಾನ 3ರ ಒಳಗೆ ಅನ್ನೋದನ್ನ ಅದೇ ಗುರುತಿಸಿ ಪ್ಲಾನಲ್ಲಿ ರನ್ ಕಂಡಿಷನ್ ಅಂತ ತೋರಿಸುತ್ತೆ. ಪಾರ್ಟಿಷನ್ ಇಲ್ಲದಿದ್ರೆ ಅಲ್ಲಿಗೇ ನಿಲ್ಲುತ್ತೆ, ಪಾರ್ಟಿಷನ್ ಇದ್ರೆ ಮೂರಾದ್ಮೇಲೆ ಲೆಕ್ಕ ಹಾಕೋದು ಬಿಡುತ್ತೆ, ಆದ್ರೆ ಮುಂದಿನ ಗೇಜ್ ಸಿಗೋ ತನಕ ಸಾಲು ದಾಟ್ಕೊಂಡು ಹೋಗ್ಲೇಬೇಕು.

ಗೇಜ್ ಕಮ್ಮಿ, ಒಂದೊಂದು ಗೇಜಲ್ಲಿ ಸಾಲು ಜಾಸ್ತಿ ಇದ್ದಾಗ ಒಳ್ಳೇ ದಾರಿ ಲ್ಯಾಟರಲ್ ಜಾಯಿನ್, ಅಂದ್ರೆ ಒಂದೊಂದು ಗೇಜ್‌ಗೂ ಒಳಗಿನ ಕ್ವೆರಿನ ಬೇರೆ ಬೇರೆ ಓಡಿಸೋದು. ಗೇಜ್‌ಗಳ ಹೆಸರಿನ ಚಿಕ್ಕ ಟೇಬಲ್ ತಗೊಳ್ಳಿ, ಕ್ರಾಸ್ ಜಾಯಿನ್ ಲ್ಯಾಟರಲ್, ಒಳಗೆ ಆ ಗೇಜಿನ ಮಳೆ, ಸೆಂಟ್ ನಲ್ ಅಲ್ಲದ್ದು, ಆರ್ಡರ್ ಬೈ ಸೆಂಟ್ ಡಿಸೆಂಡಿಂಗ್, ಲಿಮಿಟ್ 3. ಡೇಟಾಬೇಸ್ ಇಂಡೆಕ್ಸ್ ಹಿಡ್ಕೊಂಡು 40 ಸಲ ಇಳಿಯುತ್ತೆ, ಪ್ರತಿ ಸಲ ಮೇಲಿನ ಮೂರು ಕಿತ್ಕೊಂಡು ಬರುತ್ತೆ, ಮುಗೀತು. ವಿಂಡೋ ಫಂಕ್ಷನ್ನೇ ಇಲ್ಲ! ರ್ಯಾಂಕಿಂಗ್ ಬಗ್ಗೆ ಇಷ್ಟುದ್ದ ಬರೆದು ಕೊನೆಗೆ ಅದೇ ಬೇಡ ಅಂತಿದ್ದೀನಲ್ಲ ಅನ್ಬೇಡಿ. ಗೇಜ್ ಲಕ್ಷಗಟ್ಟಲೆ ಇದ್ದು ಒಂದೊಂದಕ್ಕೆ ನಾಲ್ಕೈದೇ ಸಾಲು ಇದ್ರೆ ಲ್ಯಾಟರಲ್ ಸೋಲುತ್ತೆ, ಅಲ್ಲಿ ವಿಂಡೋನೇ ಸರಿ.

ಹೆಜ್ಜೆ 9: ಹಳೇ ಉತ್ತರಾನೂ ಹೊಸ ಉತ್ತರಾನೂ ಒಂದೇನಾ

ಟ್ಯೂನ್ ಮಾಡಿದ ಖುಷಿಯಲ್ಲಿ ಇದನ್ನ ಬಿಡ್ಬೇಡಿ. ಹಳೇ ಕ್ವೆರಿ ಎಕ್ಸೆಪ್ಟ್ ಹೊಸ ಕ್ವೆರಿ, ಆಮೇಲೆ ಹೊಸದು ಎಕ್ಸೆಪ್ಟ್ ಹಳೇದು, ಎರಡೂ ಕಡೆ ಓಡಿಸಿ. ಎಕ್ಸೆಪ್ಟ್ ಅಂದ್ರೆ ಮೊದಲನೇದ್ರಲ್ಲಿ ಇದ್ದು ಎರಡನೇದ್ರಲ್ಲಿ ಇಲ್ಲದ ಸಾಲು ತೋರಿಸೋದು. ಎರಡೂ ಖಾಲಿ ಬರ್ಬೇಕು.

ನನಗೆ ಖಾಲಿ ಬರಲಿಲ್ಲ. ರ್ಯಾಂಕ್ ಹಾಕಿದ ಹಳೇ ಕ್ವೆರಿಯಲ್ಲಿ ಒಂದು ಸಾಲು ಜಾಸ್ತಿ, ಅದೂ ಶಾಂತಳ್ಳಿದೇ. ಮೂರನೇ ಸ್ಥಾನಕ್ಕೆ ಎರಡು ದಿನ ಸಮ, ಒಂದು ಸೆಂಟೂ ಹೆಚ್ಚುಕಮ್ಮಿ ಇಲ್ಲ, ಲಿಮಿಟ್ 3 ಅದ್ರಲ್ಲಿ ಒಂದನ್ನ ಸದ್ದಿಲ್ಲದೆ ಬಿಟ್ಟಿತ್ತು. ಕೆಸರುಗದ್ದೆಯ ಹುಡುಗನ ಮುಖ ಕಣ್ಮುಂದೆ ಬಂತು. ಪೋಸ್ಟ್‌ಗ್ರೆಸ್ 13ರಿಂದ ಲಿಮಿಟ್ ಬದಲು ಫೆಚ್ ಫಸ್ಟ್ 3 ರೋಸ್ ವಿತ್ ಟೈಸ್ ಅಂತ ಬರೀಬಹುದು, ಕೊನೆಯವರ ಜೊತೆ ಸಮ ಇರೋರನ್ನೂ ಸೇರಿಸ್ಕೊಂಡು ಬರುತ್ತೆ, ರ್ಯಾಂಕ್ 3ರ ಒಳಗೆ ಅನ್ನೋದಕ್ಕೂ ಇದಕ್ಕೂ ಉತ್ತರ ಒಂದೇ. ಅದನ್ನ ಹಾಕಿ ಎಕ್ಸೆಪ್ಟ್ ಮತ್ತೆ ಓಡಿಸ್ದೆ, ಎರಡೂ ಕಡೆ ಸೊನ್ನೆ ಸಾಲು. ಮಾವನಿಗೆ ಪಟ್ಟಿ ಕಳಿಸ್ದೆ. ಸಮ ಬಂದ ಎರಡು ದಿನದಲ್ಲಿ ಒಂದು ಅವ್ರಿಗೆ ನೆನಪಿತ್ತು, ಇನ್ನೊಂದರ ತಾರೀಖು ನೋಡಿ "ಇಷ್ಟು ಬಂದಿತ್ತಾ ಅವತ್ತು?" ಅಂತ ಪುಸ್ತಕ ಹುಡುಕೋಕೆ ಒಳಗೆ ಹೋದ್ರು.